ಶುಲ್ಕ ಏರಿಕೆ ಮತ್ತು ವಿದ್ಯಾರ್ಥಿ ಸಂಘದ ಒಪ್ಪಿಗೆ

ವಿಶ್ವವಿದ್ಯಾಲಯವೊಂದು ಬೋಧನಾ ಶುಲ್ಕ ಏರಿಸಲು ಹೊರಟಾಗ ವಿದ್ಯಾರ್ಥಿಗಳ ಚುನಾಯಿತ ಸಂಘದ ಮುಂದೆ ಎರಡು ಪ್ರಶ್ನೆಗಳು ಒಟ್ಟಿಗೇ ಬಂದು ನಿಲ್ಲುತ್ತವೆ. ಏರಿಕೆ ನ್ಯಾಯವೇ ಎಂಬುದು ಒಂದು. ಅದಕ್ಕೆ ಒಪ್ಪಿಗೆ ಕೊಡುವ ಹಕ್ಕು ಈ ಸಂಘಕ್ಕೆ ಇದೆಯೇ ಎಂಬುದು ಇನ್ನೊಂದು. ಸಭೆಗಳಲ್ಲಿ ಗಂಟೆಗಟ್ಟಲೆ ಮಾತು ನಡೆಯುವುದು ಮೊದಲನೆಯದರ ಮೇಲೆ. ಬಜೆಟ್ಟಿನ ಕೊರತೆ, ಖಾಲಿ ಬಿದ್ದ ಅಧ್ಯಾಪಕ ಹುದ್ದೆಗಳು, ಪ್ರಯೋಗಾಲಯದ ಹಳೆಯ ಸಲಕರಣೆ, ಬಡ ವಿದ್ಯಾರ್ಥಿಗಳ ಸಂಕಟ ಎಲ್ಲವೂ ಅಲ್ಲಿ ಚರ್ಚೆಗೆ ಬರುತ್ತವೆ. ಎರಡನೆಯದನ್ನು ಎತ್ತುವವರು ಕಡಿಮೆ. ಆದರೆ ಹೆಚ್ಚು ಕಠಿಣವಾದದ್ದು ಅದೇ. ಸಂಘದ ಪದಾಧಿಕಾರಿಗಳ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಅವರನ್ನು ಆರಿಸಿದವರ ಓದು ಮೂರು ನಾಲ್ಕು ವರ್ಷ. ಒಮ್ಮೆ ಏರಿದ ಶುಲ್ಕ ಮಾತ್ರ ಇಳಿಯುವುದು ಬಹಳ ಅಪರೂಪ. ಆ ಹೊರೆಯ ಬಹುಭಾಗವನ್ನು ಹೊರುವವರು ಸಭೆ ನಡೆಯುವ ದಿನ ಇನ್ನೂ ಹೈಸ್ಕೂಲಿನಲ್ಲಿ ಕೂತಿರುತ್ತಾರೆ. ಅವರಿಗೆ ಮತವಿಲ್ಲ, ಸಭೆಯ ಸುದ್ದಿಯೂ ಅವರಿಗೆ ಮುಟ್ಟಿರುವುದಿಲ್ಲ.

ವಿದ್ಯೆಗೆ ಬೆಲೆ ಕಟ್ಟಬಹುದೇ ಎಂಬ ಜಿಜ್ಞಾಸೆ ವಿಶ್ವವಿದ್ಯಾಲಯಗಳಿಗಿಂತ ಹಳೆಯದು, ಮತ್ತು ಬಹುತೇಕ ಧರ್ಮಗಳು ಅದನ್ನು ಎದುರಿಸಿವೆ. ಮನುಸ್ಮೃತಿಯ ಮೂರನೆಯ ಅಧ್ಯಾಯ ಸಂಬಳಕ್ಕೆ ಪಾಠ ಹೇಳುವವನನ್ನೂ ಸಂಬಳ ಕೊಟ್ಟು ಕಲಿತವನನ್ನೂ ಶ್ರಾದ್ಧದ ಪಂಕ್ತಿಯಿಂದ ಹೊರಗಿಡುತ್ತದೆ. ಆ ಉಚಿತ ವಿದ್ಯೆಯ ಬಾಗಿಲು ಶೂದ್ರರಿಗೂ ಹೆಂಗಸರಿಗೂ ಮುಚ್ಚಿತ್ತೆಂಬುದನ್ನು ಮರೆತು ಅದನ್ನು ಆದರ್ಶವೆಂದು ಹೊಗಳುವುದು ಸಲ್ಲದು. ಹಣದ ತಡೆ ಇಲ್ಲದ ಕಡೆ ಹುಟ್ಟಿನ ತಡೆ ಇತ್ತು. ಯಹೂದಿಗಳ ತಾಲ್ಮುದ್ ಕೂಡ ದೇವರಿಂದ ಪುಕ್ಕಟೆಯಾಗಿ ಬಂದ ಬೋಧೆಯನ್ನು ಪುಕ್ಕಟೆಯಾಗಿಯೇ ಹಂಚಬೇಕೆನ್ನುತ್ತದೆ. ಕ್ರೈಸ್ತ ಚರ್ಚಿನ ನ್ಯಾಯಶಾಸ್ತ್ರಜ್ಞರ ವಾದವೂ ಇದೇ ಜಾಡಿನದು: ಜ್ಞಾನ ದೇವರ ಕೊಡುಗೆ, ಆದ್ದರಿಂದ ಅದನ್ನು ಮಾರುವಂತಿಲ್ಲ. 1179ರ ಮೂರನೆಯ ಲ್ಯಾಟರನ್ ಸಭೆ ಪ್ರತಿ ಕೆಥೆಡ್ರಲ್‌ನಲ್ಲೂ ಪಾದ್ರಿಗಳಿಗೂ ಬಡ ವಿದ್ಯಾರ್ಥಿಗಳಿಗೂ ಉಚಿತವಾಗಿ ಕಲಿಸುವ ಒಬ್ಬ ಗುರುವಿಗೆ ಜೀವನೋಪಾಯ ಒದಗಿಸಬೇಕೆಂದೂ, ಬೋಧನೆಯ ಪರವಾನಗಿಗೆ ಹಣ ವಸೂಲು ಮಾಡಬಾರದೆಂದೂ ಕಟ್ಟು ಮಾಡಿತು. ಇಸ್ಲಾಮಿನ ಹನಫಿ ಪಂಥದ ಆರಂಭಕಾಲದ ವಿದ್ವಾಂಸರು ಕುರಾನ್ ಕಲಿಸಲು ಕೂಲಿ ಪಡೆಯುವುದನ್ನು ಒಪ್ಪಲಿಲ್ಲ.

ನಿಷೇಧ ಎಲ್ಲಿಯೂ ಉಳಿಯಲಿಲ್ಲ. ಅದು ಸಡಿಲವಾದ ಬಗೆಯನ್ನು ಮಾತ್ರ ಗಮನಿಸಬೇಕು. ಗುರು ಮಾರುವುದು ಜ್ಞಾನವನ್ನಲ್ಲ, ಬೇರೆ ದುಡಿಮೆ ಬಿಟ್ಟು ಶಿಷ್ಯರಿಗೆ ಕೊಟ್ಟ ತನ್ನ ಸಮಯವನ್ನು ಮತ್ತು ಶ್ರಮವನ್ನು ಎಂದು ಯಹೂದಿ ರಬ್ಬಿಗಳೂ ಕ್ರೈಸ್ತ ಪಂಡಿತರೂ ತೀರ್ಮಾನಿಸಿದರು. ಹನಫಿಗಳ ನಂತರದ ತಲೆಮಾರು ಕೂಲಿಗೆ ಅನುಮತಿ ಕೊಟ್ಟಾಗ ಕೊಟ್ಟ ಕಾರಣ ಇಂದಿನ ಓದುಗನಿಗೆ ಎಲ್ಲಕ್ಕಿಂತ ಹತ್ತಿರದ್ದು. ಬೋಧಕರಿಗೆ ರಾಜ್ಯದ ಬೊಕ್ಕಸದಿಂದ ಬರುತ್ತಿದ್ದ ವೇತನ ನಿಂತುಹೋಯಿತು. ಶುಲ್ಕಕ್ಕೆ ಅವಕಾಶ ಕೊಡದಿದ್ದರೆ ಬೋಧನೆಯೇ ನಿಂತೀತು ಎಂದು ಅವರು ಹೇಳಿದರು. ಸರಕಾರದ ಅನುದಾನ ಕಡಿತವಾದ ವರ್ಷ ಕುಲಪತಿಗಳು ವಿದ್ಯಾರ್ಥಿ ಸಂಘದ ಮುಂದೆ ಮಂಡಿಸುವ ವಾದವೂ ಬೇರೆಯಲ್ಲ.

ಹೀಗೆ ಗುರುವಿನ ಬದುಕಿಗೆ ಯಾರೋ ಹಣ ಕೊಡಲೇಬೇಕೆಂದು ಎಲ್ಲರೂ ಒಪ್ಪಿದರು. ಯಾರು ಕೊಡಬೇಕೆಂಬುದು ಉಳಿಯಿತು. ಕಾಳಿದಾಸನ ರಘುವಂಶದ ಐದನೆಯ ಸರ್ಗದಲ್ಲಿ ಬರುವ ಕೌತ್ಸನ ಕಥೆ ಇದನ್ನು ಮನಮುಟ್ಟುವಂತೆ ತೋರಿಸುತ್ತದೆ. ಗುರು ವರತಂತು ಏನೂ ಬೇಡವೆಂದರೂ ಶಿಷ್ಯ ದಕ್ಷಿಣೆ ಕೊಟ್ಟೇ ತೀರುತ್ತೇನೆಂದು ಹಟ ಹಿಡಿಯುತ್ತಾನೆ. ಸಿಟ್ಟಿಗೆದ್ದ ಗುರು ಹದಿನಾಲ್ಕು ವಿದ್ಯೆಗಳಿಗೆ ಹದಿನಾಲ್ಕು ಕೋಟಿ ಕೇಳುತ್ತಾನೆ. ಕೌತ್ಸ ಹೋಗುವುದು ರಾಜನಲ್ಲಿಗೆ. ವಿಶ್ವಜಿತ್ ಯಾಗದಲ್ಲಿ ಎಲ್ಲವನ್ನೂ ದಾನ ಮಾಡಿ ಮುಗಿಸಿದ್ದ ರಘು ಮಣ್ಣಿನ ಪಾತ್ರೆಯಲ್ಲಿ ಅರ್ಘ್ಯ ತಂದು ಅವನನ್ನು ಎದುರುಗೊಳ್ಳುತ್ತಾನೆ. ಬೊಕ್ಕಸ ಬರಿದಾಗಿದ್ದರೂ ವಿದ್ಯಾರ್ಥಿ ಬೇಡಿದ್ದನ್ನು ಪಡೆಯದೆ ಬೇರೊಬ್ಬ ದಾನಿಯ ಬಳಿ ಹೋದನೆಂಬ ಅಪವಾದ ತನಗೆ ಬರಬಾರದೆನ್ನುತ್ತಾನೆ. ಕುಬೇರನ ಕಡೆಯಿಂದ ಹೊನ್ನು ಬಂದಾಗ ಕೌತ್ಸ ಗುರುವಿಗೆ ಸಲ್ಲಬೇಕಾದದ್ದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ಮೊತ್ತಕ್ಕೆ ಸಿಕ್ಕಿಹಾಕಿಕೊಂಡವನು ವಿದ್ಯಾರ್ಥಿ, ತೆತ್ತವನು ರಾಜ. ಆದರೆ ಕೌತ್ಸ ಮಾತು ಕೊಟ್ಟದ್ದು ತನ್ನೊಬ್ಬನ ಪರವಾಗಿ. ವರತಂತುವಿನ ಮುಂದಿನ ಶಿಷ್ಯರೂ ತಲಾ ಹದಿನಾಲ್ಕು ಕೋಟಿ ತರುವರೆಂದು ಅವನು ಒಪ್ಪಿ ಬಂದಿದ್ದರೆ ಕಥೆಯನ್ನು ಯಾರೂ ಮೆಚ್ಚುತ್ತಿರಲಿಲ್ಲ.

ಯೂರೋಪಿನ ಮೊದಲ ವಿಶ್ವವಿದ್ಯಾಲಯಗಳಲ್ಲೊಂದಾದ ಬೊಲೋನ್ಯದಲ್ಲಿ ವಿದ್ಯಾರ್ಥಿಗಳ ಸಂಘವೇ ಅಧ್ಯಾಪಕರನ್ನು ನೇಮಿಸುತ್ತಿತ್ತು, ತಮ್ಮತಮ್ಮಲ್ಲೇ ಹಣ ಸೇರಿಸಿ ಕೊಡುತ್ತಿತ್ತು, ಪಾಠಕ್ಕೆ ತಡವಾಗಿ ಬಂದ ಗುರುವಿಗೆ ದಂಡ ಹಾಕುತ್ತಿತ್ತು. ಊರು ಬಿಟ್ಟು ಹೋಗಬೇಕಾದ ಗುರು ವಿದ್ಯಾರ್ಥಿಗಳ ಅಪ್ಪಣೆ ಪಡೆಯಬೇಕಿತ್ತು. ಅಲ್ಲಿ ನಿರ್ಧರಿಸುವವನೂ ತೆರುವವನೂ ಒಬ್ಬನೇ, ಅದೂ ಅದೇ ವರ್ಷದಲ್ಲಿ. ಮುಂದೆ ನಗರವೇ ಅಧ್ಯಾಪಕರಿಗೆ ಸಂಬಳ ಕೊಡತೊಡಗಿದಾಗ ಆ ಅಧಿಕಾರ ವಿದ್ಯಾರ್ಥಿಗಳ ಕೈ ತಪ್ಪಿತು. ಇಂದಿನ ವಿದ್ಯಾರ್ಥಿ ಸಂಘಕ್ಕೆ ಬೊಲೋನ್ಯದ ಅಧಿಕಾರ ಇಲ್ಲ. ಅದರ ಮುಂದಿಡಲಾಗುವ ಪ್ರಶ್ನೆ ಮಾತ್ರ ಬೊಲೋನ್ಯದವರಿಗೆ ಬಂದದ್ದಕ್ಕಿಂತ ದೊಡ್ಡದು.

ಈ ಪ್ರಶ್ನೆ ಎಷ್ಟು ಗಂಭೀರವಾಗಬಹುದೆಂಬುದನ್ನು ಕೆನಡಾದ ಕ್ವಿಬೆಕ್ ಪ್ರಾಂತ್ಯ 2012ರಲ್ಲಿ ತೋರಿಸಿತು. ಅಲ್ಲಿ 1960ರ ದಶಕದ ಶಿಕ್ಷಣ ಸುಧಾರಣೆ ಉಚಿತ ಉನ್ನತ ಶಿಕ್ಷಣವನ್ನು ದೂರದ ಗುರಿಯಾಗಿ ಇಟ್ಟುಕೊಂಡಿತ್ತು. ಉನ್ನತ ಶಿಕ್ಷಣವನ್ನು ಹಂತಹಂತವಾಗಿ ಉಚಿತಗೊಳಿಸಬೇಕೆಂದು ಹೇಳುವ ವಿಶ್ವಸಂಸ್ಥೆಯ 1966ರ ಆರ್ಥಿಕ, ಸಾಮಾಜಿಕ, ಸಾಂಸ್ಕೃತಿಕ ಹಕ್ಕುಗಳ ಒಡಂಬಡಿಕೆಗೆ ಕೆನಡಾ 1976ರಲ್ಲಿ ಸೇರಿತ್ತು. ಪ್ರಾಂತ್ಯದ ಶುಲ್ಕ ದಶಕಗಳ ಕಾಲ ಸ್ಥಿರವಾಗಿದ್ದು, ಕೆನಡಾದ ಉಳಿದ ಭಾಗಗಳಿಗಿಂತ ಬಹಳ ಕಡಿಮೆಯಿತ್ತು. ಜಾನ್ ಶರೆ ಅವರ ಸರಕಾರ 2011ರ ಬಜೆಟ್ಟಿನಲ್ಲಿ ವಾರ್ಷಿಕ ಶುಲ್ಕವನ್ನು ಐದು ವರ್ಷಗಳಲ್ಲಿ 2,168 ಡಾಲರಿನಿಂದ 3,793 ಡಾಲರಿಗೆ, ಅಂದರೆ ವರ್ಷಕ್ಕೆ 325 ಡಾಲರಿನಂತೆ ಏರಿಸುವುದಾಗಿ ಪ್ರಕಟಿಸಿತು. 2012ರ ಫೆಬ್ರವರಿಯಲ್ಲಿ ತರಗತಿ ಮುಷ್ಕರ ಶುರುವಾಯಿತು. ಮಾರ್ಚ್ ತಿಂಗಳಲ್ಲಿ ಅದು ಉತ್ತುಂಗಕ್ಕೇರಿದಾಗ ಸುಮಾರು 3 ಲಕ್ಷ ವಿದ್ಯಾರ್ಥಿಗಳು ಅದರಲ್ಲಿದ್ದರು.

ಮುಷ್ಕರದ ನಿಜವಾದ ಜಾಗ ಬೀದಿಯಲ್ಲ, ಸಾಮಾನ್ಯ ಸಭೆ. ಕಾಲೇಜಿನ ಸಭಾಂಗಣದಲ್ಲೋ ಒಳಾಂಗಣ ಕ್ರೀಡಾಂಗಣದಲ್ಲೋ ನೂರಾರು ಮಂದಿ ಸೇರುವರು. ಅಂಗಿಯ ಎದೆಗೆ ಪಿನ್ನಿನಿಂದ ಚುಚ್ಚಿದ ಕೆಂಪು ಬಟ್ಟೆಯ ಸಣ್ಣ ಚೌಕ ಏರಿಕೆಯ ವಿರೋಧಿಗಳ ಗುರುತು, ಹಸಿರು ಚೌಕ ಏರಿಕೆಯನ್ನು ಒಪ್ಪುವವರ ಗುರುತು. ಮೈಕಿನ ಮುಂದೆ ಸಾಲು ನಿಂತು ಒಬ್ಬೊಬ್ಬರಾಗಿ ಮಾತಾಡಿ, ಕೊನೆಗೆ ಮತಕ್ಕೆ ಹಾಕುವರು. ಅನೇಕ ಕಡೆ ಮುಷ್ಕರ ಮುಂದುವರಿಸಬೇಕೇ ಎಂಬುದನ್ನು ಹೀಗೆ ಮತ್ತೆಮತ್ತೆ ಕೇಳಲಾಗುತ್ತಿತ್ತು. ಕ್ಲಾಸ್ ಎಂಬ ಒಕ್ಕೂಟದಲ್ಲಿ ಮುಂದೆ ನಿಂತವರಿಗೆ ಅಧ್ಯಕ್ಷ ಪಟ್ಟವಿರಲಿಲ್ಲ. ಅವರು ವಕ್ತಾರರು ಮಾತ್ರ. ಸಭೆಗಳು ಕೊಟ್ಟ ಆದೇಶದಾಚೆಗೆ ಒಂದು ಮಾತು ಒಪ್ಪಿಕೊಳ್ಳುವ ಅಧಿಕಾರ ಅವರಿಗಿರಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಸರಕಾರ ಏರಿಕೆಯನ್ನು ಏಳು ವರ್ಷಕ್ಕೆ ಹಂಚಿ ವರ್ಷಕ್ಕೆ 254 ಡಾಲರ್ ಮಾಡುವುದಾಗಿ ಹೇಳಿತು. ವಾರ್ಷಿಕ ಹೊರೆ ಇಳಿದಂತೆ ಕಂಡರೂ ಒಟ್ಟು ಏರಿಕೆ 1,625 ಡಾಲರಿನಿಂದ 1,778 ಡಾಲರಿಗೆ ಹೋಯಿತು. ಆಗ ಓದುತ್ತಿದ್ದವರಿಗೆ ಕೊಂಚ ಹಗುರ, ಮುಂದೆ ಬರುವವರಿಗೆ ಇನ್ನಷ್ಟು ಭಾರ. ಬೇರೆಬೇರೆ ತಲೆಮಾರುಗಳ ಹಿತಾಸಕ್ತಿ ಎಲ್ಲಿ ಕವಲೊಡೆಯುತ್ತದೆಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಲೆಕ್ಕ ಮತ್ತೊಂದು ಸಿಗಲಾರದು. ಮೇ 4 ಮತ್ತು 5ರಂದು ಸುಮಾರು ಇಪ್ಪತ್ತೆರಡು ಗಂಟೆಗಳ ಮಾತುಕತೆಯ ಬಳಿಕ ಒಂದು ಒಪ್ಪಂದ ಸಿದ್ಧವಾಯಿತು. ಶುಲ್ಕದ ಏರಿಕೆ ಹಾಗೇ ಇರುತ್ತದೆ. ವಿಶ್ವವಿದ್ಯಾಲಯಗಳ ಖರ್ಚಿನಲ್ಲಿ ಉಳಿತಾಯ ಹುಡುಕುವ ಮಂಡಳಿಯೊಂದು ರಚನೆಯಾಗುತ್ತದೆ. ಆ ಉಳಿತಾಯದಿಂದ ಇತರ ಕಡ್ಡಾಯ ಶುಲ್ಕಗಳನ್ನು ಇಳಿಸಲಾಗುತ್ತದೆ. ವಿದ್ಯಾರ್ಥಿ ನಾಯಕರು ಇದನ್ನು ಸಭೆಗಳ ಮುಂದೆ ಇಟ್ಟರು. ಸಭೆಗಳು ಒಂದರ ಮೇಲೊಂದು ತಿರಸ್ಕರಿಸಿದವು. ಮೇ 14ರಂದು ಶಿಕ್ಷಣ ಸಚಿವೆ ಲೀನ್ ಬೋಷಾಂ ರಾಜೀನಾಮೆ ಕೊಟ್ಟರು. 18ರಂದು ಪ್ರತಿಭಟನೆಗಳಿಗೆ ಬಿಗಿ ಷರತ್ತು ಹಾಕುವ ವಿಶೇಷ ಕಾನೂನು ಬಂತು.

ನಾಯಕರು ಸಭೆಗೆ ಹಿಂದಿರುಗಿದ್ದು ಸರಿಯೇ? ಬ್ರಿಟನ್ನಿನ ಎಡ್ಮಂಡ್ ಬರ್ಕ್ 1774ರಲ್ಲಿ ಬ್ರಿಸ್ಟಲ್ ಮತದಾರರಿಗೆ ಮಾಡಿದ ಭಾಷಣದ ಪ್ರಕಾರ ಸರಿಯಲ್ಲ. ಪ್ರತಿನಿಧಿ ತನ್ನ ವಿವೇಕವನ್ನು ಮತದಾರರಿಗೆ ಸಲ್ಲಿಸಬೇಕೇ ಹೊರತು ಅವರ ಆದೇಶದ ವಾಹಕನಾಗಬಾರದು ಎಂಬುದು ಅವನ ನಿಲುವು. ಅದಕ್ಕೂ ಹನ್ನೆರಡು ವರ್ಷ ಮೊದಲು ದಾರ್ಶನಿಕ ರೂಸೋ ಇದಕ್ಕೆ ತೀರ ವಿರುದ್ಧವಾದುದನ್ನು ಬರೆದಿದ್ದ: ಜನರ ಇಚ್ಛೆಯನ್ನು ಇನ್ನೊಬ್ಬರು ಪ್ರತಿನಿಧಿಸಲು ಬರುವುದಿಲ್ಲ, ಜನರೇ ಖುದ್ದಾಗಿ ಅಂಗೀಕರಿಸದ ಕಾನೂನು ಕಾನೂನಲ್ಲ. ಕ್ವಿಬೆಕ್‌ನ ಸಭೆಗಳು ರೂಸೋನ ಕಡೆಯವು. ವಿಧಾನಸಭೆಗಳ ವಿಷಯದಲ್ಲಿ ಬರ್ಕ್‌ನ ಮಾತಿಗೆ ತೂಕವಿದೆ, ಏಕೆಂದರೆ ಅಲ್ಲಿ ಪ್ರತಿನಿಧಿ ಕೆಲವು ವರ್ಷಗಳ ಬಳಿಕ ಅದೇ ಮತದಾರರ ಮುಂದೆ ನಿಂತು ಲೆಕ್ಕ ಒಪ್ಪಿಸಬೇಕು. ವಿದ್ಯಾರ್ಥಿ ಸಂಘದ ಪದಾಧಿಕಾರಿ ಲೆಕ್ಕ ಕೇಳುವ ಹೊತ್ತಿಗೆ ಪದವಿ ಪಡೆದು ಹೋಗಿರುತ್ತಾನೆ. ಉತ್ತರ ಹೇಳಬೇಕಾಗಿಲ್ಲದವನ ವಿವೇಕವನ್ನು ನಂಬಿ ದೀರ್ಘಕಾಲದ ಹೊರೆಗೆ ಸಹಿ ಹಾಕಿಸುವುದು ಅಪಾಯ. ಇಷ್ಟರ ಮಟ್ಟಿಗೆ ಸಾಮಾನ್ಯ ಸಭೆಯ ಪದ್ಧತಿಯೇ ಮೇಲು.

ಹಾಗೆಂದು ಸಭೆಯ ಬಹುಮತಕ್ಕೂ ಮಿತಿ ಇಲ್ಲದಿಲ್ಲ. ಹಸಿರು ಚೌಕದವರಲ್ಲಿ ಕೆಲವರು ತರಗತಿಗೆ ಹೋಗುವ ಹಕ್ಕಿಗಾಗಿ ನ್ಯಾಯಾಲಯಗಳಿಂದ ತಡೆಯಾಜ್ಞೆ ತಂದರು. ಅಂಥದೊಂದು ಆಜ್ಞೆಯ ಬಗ್ಗೆ ಆಡಿದ ಮಾತಿಗಾಗಿ ಕ್ಲಾಸ್ ಒಕ್ಕೂಟದ ವಕ್ತಾರ ಗಾಬ್ರಿಯೆಲ್ ನಾದೋ-ದುಬ್ವಾ ನ್ಯಾಯಾಂಗ ನಿಂದನೆಯ ಆರೋಪ ಎದುರಿಸಿದರು. ಕೆನಡಾದ ಸುಪ್ರೀಂ ಕೋರ್ಟ್ 2016ರಲ್ಲಿ ಅವರ ಬಿಡುಗಡೆಯನ್ನು ಎತ್ತಿಹಿಡಿಯಿತು. ಸಂಘದ ನಿರ್ಣಯ ಭಿನ್ನಮತದ ಸದಸ್ಯನನ್ನು ಎಷ್ಟು ಕಟ್ಟಿಹಾಕಬಹುದೆಂಬ ಮೂಲ ಪ್ರಶ್ನೆ ಅದರಿಂದ ಬಗೆಹರಿಯಲಿಲ್ಲ.

ಹಾಜರಿರುವ ಸದಸ್ಯನ ಮೇಲಿನ ಅಧಿಕಾರವೇ ಇಷ್ಟು ಜಗ್ಗಾಟದ್ದಾದರೆ, ಇನ್ನೂ ಬಾರದವರ ಮೇಲೆ ಯಾವ ಅಧಿಕಾರ? ಮುಂದಿನ ವರ್ಷ ಸೇರುವವರು ಶುಲ್ಕ ಎಷ್ಟೆಂದು ತಿಳಿದೇ ಸೇರುತ್ತಾರೆ, ಸೇರಿದ್ದೇ ಅವರ ಒಪ್ಪಿಗೆ ಎನ್ನುವವರುಂಟು. ಇಂಥ ಮೌನಸಮ್ಮತಿಯ ವಾದಕ್ಕೆ ದಾರ್ಶನಿಕ ಡೇವಿಡ್ ಹ್ಯೂಮ್ 1748ರಲ್ಲೇ ಉತ್ತರ ಕೊಟ್ಟಿದ್ದಾನೆ. ನಿದ್ದೆಯಲ್ಲಿದ್ದಾಗ ಹಡಗಿಗೆ ಹೊತ್ತು ತಂದವನು ಸಮುದ್ರಕ್ಕೆ ಹಾರದೆ ಹಡಗಿನಲ್ಲೇ ಉಳಿದನೆಂದ ಮಾತ್ರಕ್ಕೆ ನಾಯಕನ ಆಳ್ವಿಕೆಯನ್ನು ಒಪ್ಪಿದಂತಾಗುವುದಿಲ್ಲ ಎಂದ ಅವನು. ಹತ್ತಿರದಲ್ಲಿ ಬೇರೊಂದು ಸರಕಾರಿ ವಿಶ್ವವಿದ್ಯಾಲಯ ಇಲ್ಲದ ಹುಡುಗಿ ಏರಿದ ಶುಲ್ಕ ಕಟ್ಟುವುದು ಓದು ಬಿಡಲಾಗದೆ. ಅದನ್ನು ಒಪ್ಪಿಗೆ ಎಂದು ಕರೆಯುವುದು ತಪ್ಪು.

ತಲೆಮಾರುಗಳ ನಡುವಿನ ಈ ಋಣವನ್ನು ನೇರವಾಗಿ ಚರ್ಚಿಸಿದವರು ಅಮೆರಿಕದ ರಾಜಕೀಯ ನಾಯಕರಾದ ಥಾಮಸ್ ಜೆಫರ್ಸನ್ ಮತ್ತು ಜೇಮ್ಸ್ ಮ್ಯಾಡಿಸನ್. 1789ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್‌ನಿಂದ ಬರೆದ ಪತ್ರದಲ್ಲಿ ಜೆಫರ್ಸನ್ ಭೂಮಿ ಬದುಕಿರುವವರ ಅನುಭೋಗಕ್ಕೆ ಸೇರಿದ್ದು, ಒಂದು ಪೀಳಿಗೆ ಮಾಡಿದ ಸಾಲ ಹತ್ತೊಂಬತ್ತು ವರ್ಷ ದಾಟಿ ಮುಂದಿನವರನ್ನು ಕಟ್ಟಬಾರದು ಎಂದು ವಾದಿಸಿದ. ಮರುವರ್ಷ ಮ್ಯಾಡಿಸನ್ ಒಪ್ಪದೆ ಉತ್ತರಿಸಿದ: ಹಿಂದಿನವರು ಮಾಡಿಟ್ಟ ಸುಧಾರಣೆಗಳ ಫಲ ಮುಂದಿನವರಿಗೂ ಸಿಗುವುದರಿಂದ ಅದರ ಖರ್ಚಿನಲ್ಲಿ ಅವರಿಗೂ ಪಾಲಿದೆ. ಶುಲ್ಕ ಏರಿಕೆಯ ಪರವಾಗಿ ನಿಲ್ಲುವ ವಿದ್ಯಾರ್ಥಿ ನಾಯಕನ ಅತ್ಯುತ್ತಮ ವಾದ ಮ್ಯಾಡಿಸನ್‌ನದೇ. ಶುಲ್ಕ ಏರದಿದ್ದರೆ ಅಧ್ಯಾಪಕರು ಬೇರೆಡೆ ಹೋಗುತ್ತಾರೆ, ಗ್ರಂಥಾಲಯ ಸೊರಗುತ್ತದೆ, ಬರುವವರಿಗೆ ಅಗ್ಗದ ಆದರೆ ಟೊಳ್ಳಾದ ಪದವಿ ಸಿಗುತ್ತದೆ. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಏರಿಕೆ ಬೇಡವೆಂಬ ನಿರ್ಣಯವೂ ಮುಂದಿನವರ ಮೇಲೆ ಒಂದು ಬಗೆಯ ಹೊರೆಯೇ. ಅಮೆರಿಕದ ಅನೇಕ ಕ್ಯಾಂಪಸ್‌ಗಳಲ್ಲಿ ವಿದ್ಯಾರ್ಥಿಗಳು ಜನಮತ ನಡೆಸಿ ಕ್ರೀಡಾಕೇಂದ್ರ, ಬಸ್ಸು, ಆರೋಗ್ಯ ಸೇವೆಗಳಿಗಾಗಿ ತಮಗೆ ತಾವೇ ಶುಲ್ಕ ಹಾಕಿಕೊಳ್ಳುತ್ತಾರೆ. ಕಟ್ಟಡಗಳ ವಿಷಯದಲ್ಲಿ ಮತ ಹಾಕಿದವರು ಅದರ ಬಾಗಿಲು ತೆರೆಯುವ ಮುನ್ನವೇ ಹೊರಟುಹೋಗುವುದುಂಟು.

ಮ್ಯಾಡಿಸನ್‌ನ ವಾದಕ್ಕೆ ಷರತ್ತೊಂದಿದೆ. ಹೊರೆ ಹೊರುವವನಿಗೇ ಸುಧಾರಣೆಯ ಫಲ ಸಿಗಬೇಕು, ಮತ್ತು ಅದು ಹೊರೆಗೆ ಸರಿಸಮನಾಗಿರಬೇಕು. ನ್ಯೂಯಾರ್ಕ್‌ನ ಕೂಪರ್ ಯೂನಿಯನ್ ಕಾಲೇಜು ಈ ಷರತ್ತು ಮುರಿದುಬಿದ್ದ ಉದಾಹರಣೆ. ಕೈಗಾರಿಕೋದ್ಯಮಿ ಪೀಟರ್ ಕೂಪರ್ 1859ರಲ್ಲಿ ಅದನ್ನು ಸ್ಥಾಪಿಸಿದ್ದು ದುಡಿಯುವ ವರ್ಗದವರಿಗೆ ಉಚಿತ ವಿದ್ಯೆ ಕೊಡಲೆಂದು. ಇಪ್ಪತ್ತನೆಯ ಶತಮಾನದುದ್ದಕ್ಕೂ ಅಲ್ಲಿ ಪ್ರವೇಶ ಪಡೆದವರು ಬೋಧನಾ ಶುಲ್ಕ ಕಟ್ಟಲಿಲ್ಲ. ಕ್ರೈಸ್ಲರ್ ಕಟ್ಟಡ ನಿಂತ ನೆಲ ಆ ಸಂಸ್ಥೆಯದು. ಅದರ ಆದಾಯ ಮುಖ್ಯ ಆಧಾರ. 2006ರಲ್ಲಿ ಆ ನೆಲವನ್ನು ಅಡವಿಟ್ಟು ಆಡಳಿತ ಮಂಡಳಿ 17.5 ಕೋಟಿ ಡಾಲರ್ ಸಾಲ ತಂದಿತು. ಅದರ ನೆರವಿನಿಂದ ಕಟ್ಟಿದ ಹೊಸ ಕಟ್ಟಡ 2009ರಲ್ಲಿ ತೆರೆಯಿತು. 2013ರ ಏಪ್ರಿಲ್‌ನಲ್ಲಿ, 2014ರಿಂದ ಸೇರುವವರು ಅರ್ಧ ಶುಲ್ಕ, ಎಂದರೆ ವರ್ಷಕ್ಕೆ ಸುಮಾರು 20 ಸಾವಿರ ಡಾಲರ್‌ಗಳವರೆಗೆ, ಕಟ್ಟಬೇಕೆಂದು ಮಂಡಳಿ ಘೋಷಿಸಿತು. ಆಗ ಓದುತ್ತಿದ್ದವರಿಗೆ ಒಂದು ಪೈಸೆಯ ಹೊರೆಯೂ ಇರಲಿಲ್ಲ.

ಆದರೂ ಮೇ 8ರಂದು ವಿದ್ಯಾರ್ಥಿಗಳು ಅಧ್ಯಕ್ಷರ ಕಚೇರಿಯನ್ನು ಹಿಡಿದು ಕೂತರು, ಅರವತ್ತೈದು ದಿನ ಅಲ್ಲಿಂದ ಕದಲಲಿಲ್ಲ. ತಮ್ಮ ಜೇಬಿಗೆ ತಟ್ಟದ ಶುಲ್ಕಕ್ಕಾಗಿ ಅವರು ಬೇಸಿಗೆ ಕಳೆದದ್ದು, ತಾವು ಉಂಡ ಅನ್ನ ಮುಂದಿನವರಿಗೂ ಸಿಗಬೇಕೆಂಬ ಒಂದೇ ಕಾರಣಕ್ಕೆ. ತತ್ವಜ್ಞಾನಿ ಜಾನ್ ರಾಲ್ಸ್ 1971ರ ತಮ್ಮ ನ್ಯಾಯಸಿದ್ಧಾಂತದಲ್ಲಿ ಹೇಳುವ ಪರೀಕ್ಷೆಯೂ ಇದೇ. ಸಮಾಜದ ನಿಯಮಗಳನ್ನು ಆರಿಸುವವರಿಗೆ ತಾವು ಬಡವರೋ ಸಿರಿವಂತರೋ ಎಂಬುದಷ್ಟೇ ಅಲ್ಲ, ತಾವು ಯಾವ ತಲೆಮಾರಿಗೆ ಸೇರಿದವರು ಎಂಬುದೂ ತಿಳಿಯಬಾರದು. ತಾನು 2013ರಲ್ಲಿ ಇರುವೆನೋ 2014ರಲ್ಲಿ ಸೇರುವೆನೋ ಗೊತ್ತಿಲ್ಲದವನು, ಹಿಂದಿನವರ ಸಾಲವನ್ನು ಮುಂದಿನವರ ತಲೆಗೆ ಕಟ್ಟುವ ಯೋಜನೆಗೆ ಕೈ ಎತ್ತಲಾರ. ನಂತರ ರಚನೆಯಾದ ಜಂಟಿ ಸಮಿತಿ ಶುಲ್ಕವಿಲ್ಲದ ದಾರಿಯೊಂದನ್ನು ಮುಂದಿಟ್ಟರೂ ಮಂಡಳಿ 2014ರ ಜನವರಿಯಲ್ಲಿ ಅದನ್ನು ಒಪ್ಪಲಿಲ್ಲ. ವಿಷಯ ನ್ಯಾಯಾಲಯಕ್ಕೆ ಹೋಯಿತು. ರಾಜ್ಯದ ಅಟಾರ್ನಿ ಜನರಲ್ ತನಿಖೆಗೆ ಇಳಿದರು; 2015ರ ಒಪ್ಪಂದದಿಂದ ವಿದ್ಯಾರ್ಥಿಗಳಿಗೆ ಮಂಡಳಿಯಲ್ಲಿ ಸ್ಥಾನ ಸಿಕ್ಕಿತು. 2018ರಲ್ಲಿ, ಹತ್ತು ವರ್ಷಗಳಲ್ಲಿ ಮತ್ತೆ ಉಚಿತ ಶಿಕ್ಷಣಕ್ಕೆ ಮರಳುವ ಯೋಜನೆ ಅಂಗೀಕಾರವಾಯಿತು.

ಏರಿಕೆಯ ಪರವಾದ ಇನ್ನೊಂದು ವಾದ ಮರುಹಂಚಿಕೆಯದು. ಉಳ್ಳವರಿಂದ ಹೆಚ್ಚು ಪಡೆದು ಇಲ್ಲದವರಿಗೆ ವಿದ್ಯಾರ್ಥಿವೇತನ ಕೊಡಬಹುದಲ್ಲ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಏರಿಕೆಯಿಂದ ಬಂದ ಹಣದ ದೊಡ್ಡ ಪಾಲನ್ನು ನೆರವಿಗೆ ಮೀಸಲಿಡುವ ಪದ್ಧತಿ ಇಟ್ಟುಕೊಂಡಿದೆ. ಇದರ ಒಳಗಿನ ಕಷ್ಟ ಕರ್ನಾಟಕಕ್ಕೆ ಚೆನ್ನಾಗಿ ಗೊತ್ತು. ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ಬಳಿಕ ಖಾಸಗಿ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು ಎಂಬ ವ್ಯವಸ್ಥೆ ಬಂತು. ಒಬ್ಬನ ಶುಲ್ಕ ಇನ್ನೊಬ್ಬನ ಓದನ್ನು ನಡೆಸಬೇಕಿತ್ತು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನ ಕರ್ನಾಟಕ ಸರಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಆ ವ್ಯವಸ್ಥೆಯನ್ನು ರದ್ದು ಮಾಡಿತು. ಒಳ್ಳೆಯ ಶಾಲೆ, ಟ್ಯೂಶನ್ ಎಲ್ಲ ಸಿಕ್ಕ ಅನುಕೂಲಸ್ಥರ ಮಕ್ಕಳೇ ಹೆಚ್ಚಾಗಿ ಫ್ರೀ ಸೀಟು ಪಡೆದರು, ಅವರಿಗಿಂತ ಕಡಿಮೆ ಅನುಕೂಲವಿದ್ದವರು ದುಡ್ಡು ತೆತ್ತರು ಎಂಬುದು ಪೀಠ ಕಂಡುಕೊಂಡ ದೋಷ. ಸಹಪಾಠಿಯ ಓದಿನ ಖರ್ಚನ್ನು ಸಹಪಾಠಿಯ ಮೇಲೆ ಹೊರಿಸುವುದು ತೆರಿಗೆಯ ಕೆಲಸವನ್ನು ಶುಲ್ಕದಿಂದ ಮಾಡಿಸಿದಂತೆ. ತೆರಿಗೆಗೆ ಇಡೀ ಸಮಾಜ ಹೊಣೆ. ಶುಲ್ಕಕ್ಕೆ ಹದಿನೆಂಟರ ಹರೆಯದವನೊಬ್ಬನೇ ಹೊಣೆ. ಕರ್ನಾಟಕದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘಗಳ ನೇರ ಚುನಾವಣೆ ದಶಕಗಳಿಂದ ನಿಂತುಹೋಗಿರುವುದರಿಂದ ಇಂಥ ಮಾತನ್ನು ಅಧಿಕೃತವಾಗಿ ಎತ್ತುವ ವೇದಿಕೆಯೇ ಇಲ್ಲಿನ ವಿದ್ಯಾರ್ಥಿಗಳಿಗಿಲ್ಲ, ಮತ್ತು ಅದು ಸಣ್ಣ ನಷ್ಟವಲ್ಲ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ವಿದ್ಯಾರ್ಥಿ ಸಂಘದ ಅಧಿಕಾರದ ಗಡಿ ಕಾಣಿಸುತ್ತದೆ. ಸದಸ್ಯರು ತಾವೇ ತೆತ್ತು ತಾವೇ ಬಳಸುವ ಸೇವೆಗೆ ಶುಲ್ಕ ಹಾಕಿಕೊಳ್ಳಲು ಅದಕ್ಕೆ ಪೂರ್ಣ ಹಕ್ಕಿದೆ. ಅದು ಬೊಲೋನ್ಯದವರು ಮಾಡಿದ್ದೇ. ಬರಲಿರುವವರು ತೆರಬೇಕಾದ ಬೋಧನಾ ಶುಲ್ಕದ ವಿಷಯದಲ್ಲಿ ಸಂಘ ಸಾಕ್ಷಿ ಹೇಳಬಹುದು, ಲೆಕ್ಕಪತ್ರ ಕೇಳಬಹುದು, ಷರತ್ತು ಒಡ್ಡಬಹುದು, ವಿರೋಧಿಸಬಹುದು. ಒಪ್ಪಿಗೆ ಕೊಡಲು ಅದಕ್ಕೆ ಹಕ್ಕಿಲ್ಲ. ಏರಿಕೆ ಅನಿವಾರ್ಯವೆಂದು ಅದರ ಸದಸ್ಯರಿಗೆ ಪ್ರಾಮಾಣಿಕವಾಗಿ ಅನಿಸಿದರೂ ಆ ನಿರ್ಧಾರದ ಹೊಣೆ ಅದನ್ನು ಮಾಡುವ ಸರಕಾರದ ಮತ್ತು ಆಡಳಿತ ಮಂಡಳಿಯ ಹೆಸರಿನಲ್ಲೇ ಉಳಿಯಬೇಕು. ವಿದ್ಯಾರ್ಥಿಗಳೇ ಒಪ್ಪಿದ್ದಾರೆ ಎಂಬ ಮಾತು ಒಮ್ಮೆ ದಾಖಲೆ ಸೇರಿದರೆ ಮುಂದಿನ ವಿದ್ಯಾರ್ಥಿ ಯಾರ ಬಳಿ ದೂರುವುದು?

ಕ್ವಿಬೆಕ್‌ನಲ್ಲಿ 2012ರ ಸೆಪ್ಟೆಂಬರ್ 4ರ ಚುನಾವಣೆಯಲ್ಲಿ ಶರೆ ಸರಕಾರ ಸೋತಿತು. ಪೌಲೀನ್ ಮರ್ವಾ ಅವರ ಹೊಸ ಸರಕಾರ ಏರಿಕೆಯನ್ನು ರದ್ದು ಮಾಡಿತು. 2013ರ ಫೆಬ್ರವರಿಯ ಉನ್ನತ ಶಿಕ್ಷಣ ಶೃಂಗಸಭೆಯ ಬಳಿಕ ಶುಲ್ಕವನ್ನು ಕುಟುಂಬಗಳ ಆದಾಯದ ಬೆಳವಣಿಗೆಗೆ ತಕ್ಕಂತೆ ವರ್ಷಕ್ಕೆ ಸುಮಾರು ಶೇ. 3ರಷ್ಟು ಏರಿಸುವುದೆಂದು ನಿರ್ಧಾರವಾಯಿತು. ಆ ಶೃಂಗಸಭೆಯಲ್ಲಿ ಕೂತಿದ್ದ ವಿಶ್ವವಿದ್ಯಾಲಯ ವಿದ್ಯಾರ್ಥಿಗಳ ಒಕ್ಕೂಟ ಫೆಯುಕ್ 2015ರಲ್ಲಿ ವಿಸರ್ಜನೆಯಾಯಿತು. ಶೃಂಗಸಭೆಯನ್ನು ಬಹಿಷ್ಕರಿಸಿದ್ದ, ಕ್ಲಾಸ್‌ನ ಮೂಲ ಸಂಘಟನೆ ಆಸ್ಸೆ 2019ರಲ್ಲಿ ವಿಸರ್ಜನೆಯಾಯಿತು. ಎರಡೂ ಸಂಘಟನೆಗಳು ಇಲ್ಲವಾದ ಮೇಲೂ ವಾರ್ಷಿಕ ಏರಿಕೆ ಮುಂದುವರಿಯಿತು.